ಕುರಿಯ ಎಡಪಕ್ಕೆ

"ಗುರುಗಳೇ, ಮಾದಕ ವಸ್ತು ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಗೆ ಪಾಠ ಮಾಡಬೇಕು?"

ಕೇಳಿದವನು ಗುರುಗಳ ಹಳೆಯ ಶಿಷ್ಯ, ಈಗ ಹೈಸ್ಕೂಲಿನ ಮೇಷ್ಟ್ರು. "ಕೊಳೆತ ಶ್ವಾಸಕೋಶದ ಚಿತ್ರ ತೋರಿಸಿದೆ. ಪ್ರತಿಜ್ಞೆ ಮಾಡಿಸಿದೆ. ಎಲ್ಲರಿಗಿಂತ ಜೋರಾಗಿ ಪ್ರತಿಜ್ಞೆ ಮಾಡಿದವನು ಕಲ್ಮೇಶ. ನಿನ್ನೆ ಅವನ ಜೇಬಿನಲ್ಲೇ ಗಾಂಜಾ ಪೊಟ್ಟಣ ಸಿಕ್ಕಿತು. ಹುಡುಗನನ್ನು ಶಾಲೆಯಿಂದ ತೆಗೆಯಬೇಕು ಅನ್ನುತ್ತಿದ್ದಾರೆ. ನನಗೆ ಸಂಕಟವಾಗುತ್ತಿದೆ. ಎಲ್ಲಿ ತಪ್ಪಿದೆನೋ ತಿಳಿಯದು."

"ಚಿತ್ರ ಹೇಗಿತ್ತು?"

"ಭಯಂಕರವಾಗಿತ್ತು."

"ಹಾಗಾದರೆ ಕಣ್ಣರಳಿಸಿ ನೋಡಿರುತ್ತಾರೆ ಬಿಡು" ಎಂದು ಗುರುಗಳು ನಕ್ಕು, ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಕುರಿಗಳು ನೀರಿಗೆ ಹೋಗಲು ಒಂದು ಜೋಳದ ಹೊಲ ದಾಟಬೇಕಿತ್ತು. ಮಳೆಯಿಲ್ಲದೆ ಬಾಡಿದ ಎಳೆಜೋಳ ಕುರಿಗೆ ವಿಷ. ಮಳೆ ಕೈಕೊಟ್ಟ ಒಂದು ವರ್ಷ ಅವನು ಮಂದೆಯನ್ನು ಅಳಿಯನಿಗೆ ಒಪ್ಪಿಸಿದ. ಅಳಿಯ ಬಹಳ ಹುರುಪಿನವನು. ಬೆಳಿಗ್ಗೆ ಎದ್ದವನೇ ಒಂದೊಂದು ಕುರಿಯ ಬಾಯಿಗೂ ಬುಟ್ಟಿ ಕಟ್ಟಿ ಹೊರಟ. ಹೊಲದ ಕಡೆ ಕತ್ತು ತಿರುಗಿಸಿದ ಕುರಿಗೆ ಕೋಲಿನ ಏಟು ಬಿತ್ತು. ಮಂದೆ ಹೊಲ ದಾಟಿತು. ಆದರೆ ನೀರು ಕುಡಿಯಬೇಕಾದರೆ ಬುಟ್ಟಿ ಬಿಚ್ಚಲೇಬೇಕಲ್ಲ? ಬಿಚ್ಚಿದ. ಮಂದೆಯ ಮುಂದೆ ನಡೆಯುವ ಕುರಿ ನೀರು ಮುಟ್ಟದೆ ಹಿಂದಕ್ಕೆ ಓಡಿತು. ಏಟು ತಿಂದ ಜಾಗ ಅದಕ್ಕೆ ಚೆನ್ನಾಗಿ ನೆನಪಿತ್ತು. ಅಳಿಯ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅದು ಜೋಳ ತಿಂದು ಹೊಲದ ನಡುವೆ ಸತ್ತು ಬಿದ್ದಿತ್ತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ, ಪಾಪ.

ಮರುದಿನ ಮಾವನೇ ಬಂದ. ಹಟ್ಟಿಯಲ್ಲೇ ಬನ್ನಿ ಸೊಪ್ಪು ಕಡಿದು ಹಾಕಿದ. ಪ್ರತಿ ಕುರಿಯ ಎಡಪಕ್ಕೆಯ ಮೇಲೆ ಕೈಯಿಟ್ಟು ನೋಡಿದ. ಅಲ್ಲಿ ಗುಳಿ ಬಿದ್ದಿದ್ದರೆ ಹೊಟ್ಟೆ ಖಾಲಿ ಎಂದು ಅರ್ಥ. ಗುಳಿ ತುಂಬುವವರೆಗೆ ಯಾವ ಕುರಿಯನ್ನೂ ಹೊರಗೆ ಬಿಡಲಿಲ್ಲ. ಆಮೇಲೆ ಬುಟ್ಟಿಯಿಲ್ಲದೆ ಹೊರಟ. ಹೊಲದ ಬದುವಿನಲ್ಲಿ ಒಂದೆರಡು ಕುರಿ ಜೋಳವನ್ನು ಮೂಸಿ ನೋಡಿದವು. ಮಾವ "ಹೋಯ್" ಎಂದ. ಅವು ಮುಂದೆ ನಡೆದವು.

ಅಳಿಯನಿಗೆ ಆಶ್ಚರ್ಯ. "ಮಾವಾ, ಏನ್ ಮಂತ್ರ ಹಾಕೀರಿ?"

"ಮಂತ್ರ ಎಲ್ಲಿಂದ ತರ್ಲೋ? ನೀ ಬರೀ ಬಾಯಿ ಕಾಯ್ದಿ. ನಾ ಹೊಟ್ಟಿ ನೋಡ್ದೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮುಂದೇನೋ ಕೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಗುರುಗಳೇ ಕೇಳಿದರು:

"ಕಲ್ಮೇಶನ ಜೇಬಿಗೆ ಕೈ ಹಾಕಿದೆ, ಸರಿ. ಎಡಪಕ್ಕೆ ಮುಟ್ಟಿ ನೋಡಿದೆಯಾ?"