ಹಿಂದಿನ ಲೈಟಿನ ನೀರು ತೆಗೆಯಲು ಹೋದ ಬೋರಲಿಂಗ

ಹೂಂ ಅನ್ನೋರು ಹೂಂ ಅನ್ನಿ, ನಗೋರು ಸ್ವಲ್ಪ ತಡೆದು ನಗಿ. ಯಾಕೆ ಅಂದರೆ ಈ ಕತೆಯಲ್ಲಿ ನಕ್ಕವರಿಗಿಂತ ಬೈದವರೇ ಜಾಸ್ತಿ.

ಮಂಡ್ಯದ ಮಗ್ಗುಲಲ್ಲಿ ಕಾರೇಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಜವರಮ್ಮ, ಜವರಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಮೂವತ್ತು ತುಂಬಿತ್ತು, ಮೀಸೆ ಹುರಿಯಾಗಿ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ ಕೆಲಸ ಮಾಡದ ಮಗನಾಗಿದ್ದರೆ ಜವರಮ್ಮ ಹೇಗೋ ಸಂಭಾಳಿಸೋಳು. ಇವನು ಮಾಡೋನು! ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡೋನು! ಅದೇ ಆಕೆಯ ಕರ್ಮ.

ಗಂಡ ಸತ್ತ ಮೇಲೆ ಜವರಮ್ಮ ಅವನ ಹಳದಿ ಬೋರ್ಡಿನ ಕಾರು ಮಾರಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು. ಊರಿನ ಟೈಲರ್ ಅನ್ವರ್ ಸಾಬರಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ಸೋಮವಾರ, ಶುಕ್ರವಾರ ಅವರನ್ನ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗೋಳು ಆಕೆಯೇ. ಒಂದು ದಿನ ತಪ್ಪಿದರೆ ಅನ್ವರ್ ಸಾಬರ ಕಾಲು ಊದಿ ಉಸಿರು ಕಟ್ಟೋದು.

ಹೀಗಿರೋವಾಗ ಒಂದು ಸೋಮವಾರ ಜೋರು ಮಳೆ. ಮಂಡ್ಯದಿಂದ ವಾಪಸ್ ಬರೋವಾಗ ಜವರಮ್ಮ ಬ್ರೇಕ್ ಹಾಕಿದಳು, ಹಿಂದೆ ಬಂದ ಲಾರಿ ಗುದ್ದೋದು ಕೂದಲೆಳೆಯಲ್ಲಿ ತಪ್ಪಿತು. ಲಾರಿಯವನು ಇಳಿದು ಕೂಗಾಡಿದ. "ಏನಮ್ಮಾ, ಬ್ರೇಕ್ ಲೈಟೇ ಉರೀತಿಲ್ಲ!" ನೋಡಿದರೆ ಉರೀತಿತ್ತು. ಆದರೆ ಕೆಂಪು ಗಾಜಿನ ಒಳಗೆ ಆವಿ ಕಟ್ಟಿ, ಹನಿಹನಿಯಾಗಿ ನೀರು ತುಂಬಿ, ದೀಪ ಮಂಕಾಗಿತ್ತು. ಗುರುವಾರ ಆರ್‌ಟಿಓದಲ್ಲಿ ಕಾರಿನ ಎಫ್‌ಸಿ ತಪಾಸಣೆ ಬೇರೆ. ಇನ್‌ಸ್ಪೆಕ್ಟರ್ ಈ ಲೈಟ್ ನೋಡಿದರೆ ಪಾಸ್ ಮಾಡುತ್ತಾನಾ? ಪಾಸ್ ಆಗದೆ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ. ಶುಕ್ರವಾರ ಅನ್ವರ್ ಸಾಬರ ಗತಿ?

ಮಂಗಳವಾರ ಬೆಳಿಗ್ಗೆ ಗದ್ದೆಗೆ ಹೋಗೋವಾಗ ಜವರಮ್ಮ ಮಗನನ್ನ ಕರೆದಳು.

"ಲಾ ಲಿಂಗ, ಕಾರಿನ ಹಿಂದಿನ ಲೈಟಲ್ಲಿ ನೀರೈತೆ. ಒರೆಸಿ ಇಡು."

"ಆಯ್ತು ಕನವ್ವ!"

ಒರೆಸಿದ. ಹೊತ್ತೇರೋ ತನಕ ಒರೆಸಿದ. ಟವೆಲ್‌ನಲ್ಲಿ ಒರೆಸಿದ, ಪಂಚೆಯಲ್ಲಿ ಒರೆಸಿದ, ಪೆಟ್ಟಿಗೆಯಲ್ಲಿದ್ದ ಅವ್ವನ ಮೈಸೂರು ರೇಷ್ಮೆ ಸೀರೆ ತಂದು ಅದರಲ್ಲೂ ಒರೆಸಿದ. ಜವರಮ್ಮ ಬಂದು ನೋಡುತ್ತಾಳೆ, ಗಾಜಿನ ಮೇಲೆ ಮುಖ ಕಾಣುತ್ತೆ, ಒಳಗಿನ ಹನಿ ಒಂದೂ ಅಲ್ಲಾಡಿಲ್ಲ!

"ಅಯ್ಯೋ ನಿನ್ ಮನೆ ಕಾಯ! ನನ್ನ ಮದುವೆ ಸೀರೆ ಕನ್ಲಾ ಅದು!"

"ನೀನ್ ಹೇಳ್ದಂಗೇ ಮಾಡಿವ್ನಿ ಕನವ್ವ! ಒರೆಸು ಅಂದೆ, ಒರೆಸ್ದೆ!"

"ನೀರಿರೋದು ಒಳಗೆ! ಹೊರಗೆ ಒರೆಸಿದ್ರೆ ಏನ್ಲಾ ಬಂತು? ಒಳಗೆ ನೀರಿರೋದನ್ನ ಬಿಚ್ಚಬೇಕು, ಬಿಚ್ಚಿ ಬಿಸಿಲಿಗೆ ಇಡಬೇಕು. ತಿಳೀತಾ?"

"ತಿಳೀತು ಕನವ್ವ! ಒಳಗೆ ನೀರಿರೋದನ್ನ ಬಿಚ್ಚಿ ಬಿಸಿಲಿಗೆ!"

ಜವರಮ್ಮ ಊಟ ಮಾಡಿ ಒಂದು ಗಳಿಗೆ ಅಡ್ಡಾದಳು. ಎದ್ದು ಅಂಗಳಕ್ಕೆ ಬಂದಳು. ಎರಡೂ ಲೈಟು ನೀಟಾಗಿ ಬಿಚ್ಚಿ ಬಿಸಿಲಿಗೆ ಇಟ್ಟಿದ್ದ. ಸ್ಕ್ರೂ ಕೂಡ ಬಟ್ಟಲಿಗೆ ಹಾಕಿದ್ದ. ಪರವಾಗಿಲ್ಲ ನನ್ನ ಮಗ, ಅಂದುಕೊಂಡಳು. ಅಂದುಕೊಂಡು ಈ ಕಡೆ ತಿರುಗಿದಳು.

ಲೈಟಿನ ಪಕ್ಕ ಕಾರಿನ ರೇಡಿಯೇಟರ್ ಮುಚ್ಚಳ. ಅದರ ಪಕ್ಕ ವೈಪರ್‌ಗೆ ನೀರು ತುಂಬೋ ಡಬ್ಬ. ಅದರ ಪಕ್ಕ ಬಿಸಿನೀರಿನ ಫ್ಲಾಸ್ಕು, ಒಳಗಿನ ಗಾಜು ಬೇರೆ, ಹೊರಗಿನ ಕವಚ ಬೇರೆ. ಅದರ ಪಕ್ಕ ಅಡುಗೆಮನೆಯ ನೀರಿನ ಫಿಲ್ಟರ್, ಆರು ತುಂಡಾಗಿ. ಅದರಾಚೆ ನೆಂಟರಿಗೆ ಅಂತ ಕೀಳಿಸಿಟ್ಟಿದ್ದ ಹನ್ನೆರಡು ಎಳನೀರು, ಹನ್ನೆರಡೂ ಎರಡೆರಡು ಹೋಳು!

"ಲೋ! ಏನ್ಲಾ ಇದು?"

"ಎಲ್ಲಾದರೊಳಗೂ ನೀರಿತ್ತು ಕನವ್ವ! ನೀನ್ ಹೇಳ್ದಂಗೇ ಮಾಡಿವ್ನಿ! ಬಾವಿ ಒಂದು ಬಿಚ್ಚೋಕೆ ಆಗ್ಲಿಲ್ಲ."

ಜವರಮ್ಮ ಹಣೆ ಹಣೆ ಚಚ್ಚಿಕೊಂಡಳು. ಮೇಲೆ ಮೋಡ ಮುಚ್ಚಿತು. ಅಷ್ಟು ಹೊತ್ತು ಬಿಸಿಲಲ್ಲಿದ್ದರೂ ಲೈಟಿನ ಒಳಗೆ ಬೆವರು ಹಾಗೇ ಇತ್ತು. ಸಿಟ್ಟಲ್ಲೇ ಮೆಕ್ಯಾನಿಕ್ ಪಾಪಣ್ಣನಿಗೆ ಫೋನ್ ಮಾಡಿದಳು.

"ಬಿಸಿಲು ಸಾಲದು ಜವರಮ್ಮ," ಅಂದ ಪಾಪಣ್ಣ. "ಅಂಚಿನ ರಬ್ಬರ್ ಸವೆದಿರ್ತದೆ, ಅಲ್ಲಿಂದ ನೀರು ನುಗ್ಗಿರ್ತದೆ. ಬಲ್ಬ್ ತೆಗೆದು ಆ ತೂತಿನಲ್ಲಿ ಬಿಸಿಗಾಳಿ ಹಿಡೀಬೇಕು. ಪೂರ್ತಿ ಒಣಗಿದ ಮೇಲೆ ತನ್ನಿ, ಹೊಸ ರಬ್ಬರ್ ಕೂರಿಸಿ ಅಂಟು ಹಾಕಿ ಕೊಡ್ತೀನಿ."

ಬಿಸಿಗಾಳಿಗೆ ಏನು ಮಾಡೋದು? ಪಕ್ಕದೂರಿನ ಬ್ಯೂಟಿ ಪಾರ್ಲರ್‌ನಲ್ಲಿ ಕೂದಲು ಒಣಗಿಸೋ ಮೆಷಿನ್ ಇತ್ತು. ಬುಧವಾರ ಬೆಳಿಗ್ಗೆ ಅದನ್ನ ಕೇಳಿ ತರೋಕೆ ಜವರಮ್ಮ ಹೊರಟಳು. ಹೊರಟವಳು ಸುಮ್ಮನೆ ಹೋಗಬಾರದಿತ್ತಾ?

"ಲಾ ಲಿಂಗ, ಬೇರೆ ಯಾವುದನ್ನೂ ಮುಟ್ಟಬೇಡ. ಬಲ್ಬ್ ತೆಗೆದಿಟ್ಟಿರು. ಆ ತೂತಿಗೆ ಬಿಸಿಗಾಳಿ ಊದಬೇಕು."

"ಊದ್ತೀನಿ ಕನವ್ವ!"

ಊದಿದ. ಬರೀ ಬಾಯಲ್ಲಿ ಊದಿದ, ಗಾಳಿ ತಣ್ಣಗಿತ್ತು. ಒಲೆ ಹಚ್ಚಿ ಕಾಫಿ ಕಾಸಿದ, ಕುದಿಯೋದನ್ನ ಹಾಗೇ ಕುಡಿದ, ಊದಿದ. ಇನ್ನೊಂದು ಲೋಟ ಕುಡಿದ, ಊದಿದ. ಸಾಲದು ಅಂತ ಹಸಿಮೆಣಸಿನಕಾಯಿ ಐದು ಕಚ್ಚಿದ, ಹಾ ಹಾ ಅಂತ ಊದಿದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ನಾಲಿಗೆ ಬೊಬ್ಬೆ. ಬಿಡಲಿಲ್ಲ, ಊದಿದ!

ಜವರಮ್ಮ ಮೆಷಿನ್ ಹಿಡಿದು ಬಂದಳು. ಲೈಟಿನ ಒಳಗೆ ಬೆಳ್ಳಗೆ ಮಂಜು! ನಿನ್ನೆ ಹನಿ ಎಣಿಸಬಹುದಿತ್ತು, ಇವತ್ತು ಧಾರೆ ಇಳೀತಿದೆ!

"ಬಾಯಲ್ಲಿ ಊದ್ತಾರೇನ್ಲಾ? ಉಸಿರಲ್ಲೇ ನೀರಿರ್ತದೆ ಕನ್ಲಾ! ತೆಗಿ ಅಂದ ನೀರನ್ನ ಒಳಕ್ಕೆ ತುಂಬಿದೀಯಲ್ಲೋ!"

"ನೀ ಹೇಳ್ಡಂಗೇ ಮಾಡಿವ್ಡಿ ಕಡವ್ವ," ಅಂದ ಲಿಂಗ, ಸುಟ್ಟ ನಾಲಿಗೆಯಲ್ಲಿ.

"ಬಾಯಿ ಮುಚ್ಚು! ಇನ್ನು ಬಾಯಿ ಬಿಟ್ಟೆ ಅಂದ್ರೆ ನೋಡು!"

ಆಮೇಲೆ ಜವರಮ್ಮನೇ ಕೂತಳು. ಮೆಷಿನ್ ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಕರಗುತ್ತೆ ಅಂತ ಒಂದು ಗೇಣು ದೂರ ಹಿಡಿದು, ಅತ್ತಿತ್ತ ಆಡಿಸುತ್ತಾ, ಎರಡು ಗಂಟೆ ಬಿಸಿಗಾಳಿ ಬಿಟ್ಟಳು. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತವಲ್ಲ, ತೇವ ಹೀರೋ ಸಣ್ಣ ಪೊಟ್ಟಣ, ಅದನ್ನೂ ಒಂದಷ್ಟು ಹೊತ್ತು ಒಳಗಿಟ್ಟು ತೆಗೆದಳು. ಹನಿ ಹೋಯಿತು, ಮಂಜು ಹೋಯಿತು. ಲೈಟು ಬ್ಯಾಗಿಗೆ ಹಾಕಿಕೊಂಡು ಪಾಪಣ್ಣನ ಹತ್ತಿರ ರಬ್ಬರ್ ಹಾಕಿಸೋಕೆ ಬಸ್ ಹತ್ತಿದಳು.

ಆಕೆ ಆ ಕಡೆ ಹೋದಳು, ಈ ಕಡೆ ಅನ್ವರ್ ಸಾಬರು ಕೋಲೂರಿಕೊಂಡು ಬಂದರು. ಅಂಗಳದಲ್ಲಿ ಕಾರು, ಹಿಂದೆ ಲೈಟಿದ್ದ ಕಡೆ ಎರಡು ತೂತು, ತೂತಿಂದ ವೈರು ಜೋತಾಡುತ್ತಿದೆ. ಬಾಗಿಲಲ್ಲಿ ಬೋರಲಿಂಗ, ಬಾಯಿಗೆ ಅವ್ವನ ಬೀಗ.

"ಏನಪ್ಪಾ ಲಿಂಗ, ಕಾರಿಗೆ ಏನಾಯ್ತು?"

ಮಾತಿಲ್ಲ.

"ಅವ್ವ ಎಲ್ಲಿ?"

ಮಾತಿಲ್ಲ. ನಾಲಿಗೆ ಉರಿಗೆ ಕಣ್ಣಿಂದ ದಳದಳ ನೀರು ಬೇರೆ.

"ಆಕ್ಸಿಡೆಂಟಾ? ಜವರಮ್ಮನಿಗೆ ಏನಾದ್ರೂ ಆಯ್ತಾ? ಹೇಳಪ್ಪಾ!"

ಲಿಂಗ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆ ಬಗ್ಗಿಸಿದ. ಅನ್ವರ್ ಸಾಬರು ನಿಂತಲ್ಲೇ ಕುಸಿದರು. ಅರ್ಧ ಗಂಟೆಯಲ್ಲಿ ಊರೆಲ್ಲ ಸುದ್ದಿ. ಜವರಮ್ಮ ಬಸ್ಸಿಳಿದು ಬರುತ್ತಾಳೆ, ಮನೆ ಮುಂದೆ ಜನ! ಜಗಲಿ ಮೇಲೆ ಅನ್ವರ್ ಸಾಬರು ಅಳುತ್ತಾ ಕೂತಿದ್ದಾರೆ!

"ಏನಾಯ್ತು ಅನ್ವರಣ್ಣ? ಯಾರು ಹೋದ್ರು?"

"ನೀನೇ ಹೋದೆ ಅಂತ ಕೂತಿದೀವಲ್ಲ ತಾಯೀ!" ಅಂದವರು, ಆಕೆ ಬದುಕಿರೋದು ಖಾತ್ರಿ ಆದ ಮೇಲೆ ಸಿಟ್ಟಿಗೆದ್ದರು. "ನಾನು ಸಾಯೋ ರೋಗಿ ಜವರಮ್ಮ! ನನ್ನ ಎದೆ ಒಡೆಸ್ತಾನಲ್ಲ ನಿನ್ನ ಮಗ! ಹೂಂ ಇಲ್ಲ, ಊಹೂಂ ಇಲ್ಲ!"

ಜವರಮ್ಮನಿಗೆ ನಾಚಿಕೆಯೂ ಆಯಿತು, ಮೈ ಉರಿದೂ ಹೋಯಿತು. ಮಗನ ಕಿವಿ ಹಿಡಿದಳು.

"ದೊಡ್ಡೋರು ಕೇಳಿದ್ರೆ ಉತ್ತರ ಕೊಡೋದಲ್ವೇನ್ಲಾ? ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳು! ಒಂದೂ ಮುಚ್ಚಿಡಬೇಡ!"

"ಒಂದೂ ಮುಚ್ಚಿಡಲ್ಲ ಕನವ್ವ!"

ಗುರುವಾರ. ಹೊಸ ರಬ್ಬರಿನ ಲೈಟು ಕೂರಿಸಿ ಕಾರು ಆರ್‌ಟಿಓ ಆಫೀಸಿಗೆ ಹೋಯಿತು. ಇನ್‌ಸ್ಪೆಕ್ಟರ್ ಬಂದವನು ಜವರಮ್ಮನನ್ನ ಬಿಟ್ಟು ಆಚೀಚೆ ನೋಡಿದ.

"ಡ್ರೈವರ್ ಎಲ್ಲಮ್ಮಾ?"

"ಡ್ರೈವರ್ ನಾನೇ ಸಾರ್. ಹದಿನಾಲ್ಕು ವರ್ಷದಿಂದ ನಾನೇ," ಅಂದಳು ಜವರಮ್ಮ, ಹಲ್ಲು ಕಚ್ಚಿ.

"ಬ್ರೇಕ್ ಹಾಕಿ."

ಹಾಕಿದಳು. ಎರಡೂ ಲೈಟು ಕೆಂಡದ ಹಾಗೆ ಹೊಳೆದವು! ಇನ್‌ಸ್ಪೆಕ್ಟರ್ ಕಾಗದದ ಮೇಲೆ ಪೆನ್ ಇಟ್ಟ. ಇಡುತ್ತಾ ಹಿಂದೆ ನಿಂತಿದ್ದ ಲಿಂಗನನ್ನ ಸುಮ್ಮನೆ ಕೇಳಿದ.

"ಏನಪ್ಪಾ, ಎಲ್ಲಾ ಸರಿ ಇದೆಯಾ?"

"ಇಲ್ಲ ಸಾ! ಸ್ಟೇರಿಂಗ್ ಎಡಕ್ಕೆ ತಿರುಗಿಸಿದ್ರೆ ಮಾತ್ರ ಹಾರನ್ ಕೂಗ್ತದೆ, ಬಲಕ್ಕೆ ತಿರುಗಿಸಿದ್ರೆ ಇಲ್ಲ. ಸ್ಟೆಪ್ನಿ ಟೈರು ಕಾರಲ್ಲಿಲ್ಲ, ಹಿತ್ತಲಲ್ಲೈತೆ. ಅದರೊಳಗೆ ಕೋಳಿ ಕಾವಿಗೆ ಕೂತೈತೆ. ಆಮೇಲೆ ನೀವು ದೂರದಲ್ಲಿ ಬರ್ತಿದ್ದಾಗ ಅವ್ವ ಅಂದ್ಲು, ಈ ಸಾಹೇಬ್ರ ಮಕ ನೋಡಿದ್ರೆ ಮನೇಲಿ ತಿಂಡಿ ಹಾಕಿಲ್ಲ ಅನ್ಸುತ್ತೆ ಅಂತ."

ಇನ್‌ಸ್ಪೆಕ್ಟರ್ ಪೆನ್ ಎತ್ತಿದ! ಮುಖ ಲೈಟಿಗಿಂತ ಕೆಂಪಗಾಯಿತು!

"ಏನಮ್ಮಾ, ಆಟ ಆಡೋಕೆ ಬಂದಿದೀರಾ? ಮೂರು ಗಂಟೆ ಒಳಗೆ ಹಾರನ್ ರಿಪೇರಿ, ಸ್ಟೆಪ್ನಿ ಸಮೇತ ಬನ್ನಿ. ಒಂದು ನಿಮಿಷ ತಡ ಆದ್ರೂ ಫೇಲ್!"

ಜವರಮ್ಮ ಕಾರು ಓಡಿಸಿದಳೋ ಹಾರಿಸಿದಳೋ ದೇವರಿಗೇ ಗೊತ್ತು. ದಾರಿಯಲ್ಲಿ ಪಾಪಣ್ಣ ಹಾರನ್ ಸರಿ ಮಾಡಿದ. ಹಿತ್ತಲಲ್ಲಿ ಕೋಳಿ ಏಳಲಿಲ್ಲ. ಹನ್ನೊಂದು ಮೊಟ್ಟೆ ಬಿಟ್ಟು ಯಾವ ತಾಯಿ ಏಳುತ್ತಾಳೆ? ಕುಕ್ಕಿತು, ಕೂಗಿತು, ಜವರಮ್ಮನ ಮೊಣಕೈಯಲ್ಲಿ ರಕ್ತ ಬಂತು. ಕೋಳಿಯನ್ನೂ ಮೊಟ್ಟೆಯನ್ನೂ ಮಂಕರಿಗೆ ಹಾಕಿ, ಟೈರಿಗಂಟಿದ ಪುಕ್ಕ ಕೊಡವಿ, ಮೂರಕ್ಕೆ ಐದು ನಿಮಿಷ ಇರೋವಾಗ ಆಫೀಸಿನ ಮುಂದೆ ಬ್ರೇಕ್ ಹಾಕಿದಳು. ಇನ್‌ಸ್ಪೆಕ್ಟರ್ ಹಾರನ್ ಒತ್ತಿದ, ಸ್ಟೆಪ್ನಿ ತಟ್ಟಿದ, ಸಹಿ ಹಾಕಿದ. ಕಾರು ಪಾಸು!

ಮನೆಗೆ ಬಂದ ಮೇಲೆ ಜವರಮ್ಮ ಮಗನನ್ನ ಎದುರು ನಿಲ್ಲಿಸಿಕೊಂಡಳು. ಬೈದು ಬೈದು ಗಂಟಲು ಕಟ್ಟಿತ್ತು.

"ನಿಂಗೆ ಕೈ ಮುಗೀತೀನಿ ಲಿಂಗ. ಯಾರಿಗೂ ಏನೂ ಹೇಳಬೇಡ, ಏನೂ ಬಿಚ್ಚಬೇಡ. ನಿಂಗೆ ಇರೋದು ಒಂದೇ ಕೆಲಸ. ಆ ಲೈಟಿನ ಮೇಲೆ ಒಂದು ಹನಿ ನೀರು ಬೀಳದಂಗೆ ನೋಡ್ಕೊ. ಅಷ್ಟು ಮಾಡು ಸಾಕು."

"ಒಂದು ಹನೀನೂ ಬೀಳಲ್ಲ ಕನವ್ವ. ಆಣೆ!"

ಶುಕ್ರವಾರ ಬೆಳಿಗ್ಗೆ ಅನ್ವರ್ ಸಾಬರನ್ನ ಕೂರಿಸಿಕೊಂಡು ಜವರಮ್ಮ ಹೊರಟಳು. ಊರು ದಾಟೋ ಹೊತ್ತಿಗೆ ಮಳೆ ಹಿಡಿಯಿತು. ಗುಂಡಿ ಬಿದ್ದ ರಸ್ತೆ. ಕುಲುಕಿದರೆ ಅನ್ವರ್ ಸಾಬರಿಗೆ ಸೊಂಟ ನೋವು ಅಂತ ಆಕೆ ಎತ್ತಿನಗಾಡಿ ಹಾಗೆ ಮೆಲ್ಲಗೆ ಓಡಿಸುತ್ತಿದ್ದಳು. ಎದುರಿಗೆ ಬಂದ ಸೈಕಲ್ಲಿನವನು ನಕ್ಕ. ಹಾಲಿನ ಡೇರಿ ಮುಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೆಂಗಸು ಕಾರು ಓಡಿಸೋದು ಇವರಿಗೆ ಇನ್ನೂ ತಮಾಷೆಯಾ ಅಂತ ಜವರಮ್ಮನಿಗೆ ಎಲ್ಲಿಲ್ಲದ ಸಿಟ್ಟು.

ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು. ಅನ್ವರ್ ಸಾಬರು ಹಿಂದಿನ ಗಾಜಿನಲ್ಲಿ ನೋಡಿದರು. ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದರು.

"ಜವರಮ್ಮಾ, ಇಳಿದು ನೋಡು ತಾಯಿ. ನಾನು ಏನು ಅಂತ ಹೇಳಲಿ?"

ಇಳಿದಳು. ಮನೆಯಿಂದ ಗೇಟಿನ ತನಕ ಒಂದೂವರೆ ಮೈಲಿ. ಅಷ್ಟು ದೂರವೂ ಕಾರಿನ ಹಿಂದೆ ಓಡಿಕೊಂಡೇ ಬಂದಿದ್ದ ಬೋರಲಿಂಗ! ಬಲಗೈಯಲ್ಲಿ ಒಂದು ಕೊಡೆ, ಎಡಗೈಯಲ್ಲಿ ಒಂದು ಕೊಡೆ, ಎರಡು ಲೈಟಿಗೂ ಒಂದೊಂದು ಹಿಡಿದು ನಿಂತಿದ್ದ. ಬರಿಗಾಲು, ಮೊಣಕಾಲ ತನಕ ಕೆಸರು, ಮೀಸೆಯಿಂದ ನೀರು ಸುರೀತಿದೆ!

ಅವತ್ತು ಅವರು ಮಂಡ್ಯಕ್ಕೆ ಹೊತ್ತಿಗೆ ಸರಿಯಾಗಿ ಹೋದರು, ಅನ್ವರ್ ಸಾಬರಿಗೆ ಡಯಾಲಿಸಿಸ್ ಆಯಿತು, ಆ ಚಿಂತೆ ನಿಮಗೆ ಬೇಡ. ಆದರೆ ಗೇಟಿನ ಹತ್ತಿರ ಜವರಮ್ಮ ಬೈಯೋಕೆ ಬಾಯಿ ತೆಗೆದಳು ನೋಡಿ, ಆಕೆಗಿಂತ ಮುಂಚೆ ಲಿಂಗನೇ ಕೂಗಿದ. ಹುಟ್ಟಿದಾಗಿಂದ ಅವ್ವನ ಮೇಲೆ ಅಷ್ಟು ಸಿಟ್ಟು ಅವನಿಗೆ ಬಂದಿರಲಿಲ್ಲ.

"ಹಿಂಗಾ ಕಾರು ಓಡ್ಸೋದು? ಎಡಗಡೆ ಲೈಟಿಗೆ ಎರಡು ಹನಿ ಬಿದ್ದೋಯ್ತು! ಒಂದು ಮಾತು ಹೇಳಿದ್ರೆ ಅರ್ಥ ಆಗಲ್ವೇನವ್ವ ನಿಂಗೆ?"