ಕಂಚುಗಾರನ ಹೆಂಡತಿಯ ದನಿ

"ಗುರುಗಳೇ, ನನ್ನ ಮೈ ಬೆಳೆದಿರುವುದು ನಿಜ. ಆದರೆ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಸರಿಯಾಗಿಯೇ ಇದೆ. ಏನೂ ಕೆಟ್ಟಿಲ್ಲದಿರುವಾಗ ತೂಕ ಇಳಿಸು ಎಂದು ಯಾಕೆ ಬೆನ್ನು ಹತ್ತಿದ್ದೀರಿ?"

ಮಠದ ಔಷಧಾಲಯದಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ಅಡಿವೆಪ್ಪ ಹೀಗೆ ಕೇಳಿದ. ಗುರುಗಳು ಹೇಳಿದರು:

"ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರೊಳಗಿನ ಕೆಲವು ಜೀವಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಉಂಡದ್ದು ಸಕ್ಕರೆಯಾಗಿ ರಕ್ತಕ್ಕೆ ಬಂದಾಗ, ಒಳಗೆ ತೆಗೆದುಕೋ ಎಂದು ಮೈಯನ್ನು ಕರೆಯುವುದು ಆ ಇನ್ಸುಲಿನ್. ಬೊಜ್ಜು ಹೆಚ್ಚಿದ ಮೈಗೆ ಆ ಕರೆ ಸರಿಯಾಗಿ ಕೇಳಿಸುವುದಿಲ್ಲ. ಆಗ ಕರೆಯುವವರ ಗತಿ ಏನಾಗುತ್ತದೆ, ಕೇಳು."

ಒಂದೂರಿನಲ್ಲಿ ಒಬ್ಬ ಕಂಚುಗಾರನಿದ್ದ. ಮನೆಯ ಹಿತ್ತಲಲ್ಲೇ ಅವನ ಕುಲುಮೆ. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು, "ರೀ, ಊಟಕ್ಕೆ ಏಳ್ತೀರಾ?" ಎಂದು ಮೆಲ್ಲಗೆ ಕರೆಯುತ್ತಿದ್ದಳು. ಅಷ್ಟಕ್ಕೇ ಅವನು ಸುತ್ತಿಗೆ ಇಟ್ಟು ಬರುತ್ತಿದ್ದ. ಇಬ್ಬರೂ ಪಿಸುಮಾತು ಆಡಿಕೊಂಡು ಉಣ್ಣುತ್ತಿದ್ದರು.

ಕಂಚುಗಾರನ ಕೆಲಸಕ್ಕೆ ಹೆಸರು ಬಂತು. ಬಂದವರಿಗೆಲ್ಲ ಅವನು ಹೂಂ ಎಂದ. ಬೆಳಗಿನಿಂದ ಬೈಗಿನವರೆಗೆ ಬಡಿತವೇ ಬಡಿತ. ಆ ಸದ್ದಿಗೆ ಅವನ ಕಿವಿ ಮಂದವಾಗುತ್ತ ಹೋಯಿತು. ಹೆಂಡತಿ ದನಿ ಏರಿಸಿದಳು. ಅವನು ಎದ್ದು ಬಂದ. ಕಿವಿ ಇನ್ನಷ್ಟು ಮಂದವಾಯಿತು. ಅವಳು ಕೂಗಿದಳು. ಆಗಲೂ ಬಂದ. ಕುಲುಮೆಯ ಹೊಗೆ ದಿನವಿಡೀ ಅಡುಗೆಮನೆಗೆ ನುಗ್ಗಿ ಅವಳ ಗಂಟಲನ್ನು ಒಣಗಿಸುತ್ತಿತ್ತು. ಓಣಿಯವರು ಅವಳನ್ನು ಬಜಾರಿ ಎಂದರು.

ಒಮ್ಮೆ ಅವಳು ಬಾಯಿಬಿಟ್ಟು ಕೇಳಿಕೊಂಡಳು, "ಕೆಲಸ ಕಡಿಮೆ ಮಾಡಿ. ನಿಮ್ಮ ಕಿವಿ ಹೋಗ್ತಾ ಇದೆ."

ಕಂಚುಗಾರ ನಕ್ಕ. "ನೀನು ಕರೆದಾಗಲೆಲ್ಲ ಬರ್ತಾ ಇದ್ದೀನಲ್ಲ. ಕಿವಿಗೇನಾಗಿದೆ?"

ಅವನು ಬರುತ್ತಿದ್ದುದು ನಿಜವೇ ಆಗಿತ್ತು.

ಕೂಗುವುದರ ಕಷ್ಟಕ್ಕಿಂತ ಹೆಚ್ಚಾಗಿ ಅವಳನ್ನು ಇನ್ನೊಂದು ಸಂಕಟ ಸುಡುತ್ತಿತ್ತು. ಅವರಿಗೆ ಹುಟ್ಟಿದ ಒಬ್ಬಳೇ ಮಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದಳು. ಈಚೆಗೆ ಆ ಮಗು ಅವಳ ಕನಸಿಗೆ ಬರುತ್ತಿತ್ತು. ಪ್ರತಿ ಸಲವೂ ಸ್ವಲ್ಪ ಬೆಳೆದಿರುತ್ತಿತ್ತು. ಎದ್ದ ಮೇಲೆ ಅದನ್ನು ಗಂಡನಿಗೆ ಹೇಳಬೇಕು ಅನ್ನಿಸುತ್ತಿತ್ತು. ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು.

"ಏನು? ಜೋರಾಗಿ ಹೇಳು!" ಎನ್ನುತ್ತಿದ್ದ ಅವನು.

ಅದು ಕೂಗಿ ಹೇಳುವ ಮಾತಲ್ಲ. "ಊಟಕ್ಕೆ ಬನ್ನಿ!" ಎಂದು ಕೂಗಿ ಒಳಗೆ ಬರುತ್ತಿದ್ದಳು. ಹೇಳದೆ ಉಳಿದ ಮಾತು ಎದೆಯಲ್ಲೇ ಇರುತ್ತಿತ್ತು. ಮೆಲ್ಲಗೆ ಮಾತಾಡಿದರೆ ಕೇಳಿಸಿಕೊಳ್ಳುತ್ತಿದ್ದ ಆ ಗಂಡನಿಗಾಗಿ, ಅವನ ಎದುರಿಗೇ ಕೂತು, ಅವಳು ಹಂಬಲಿಸುತ್ತಿದ್ದಳು.

ಒಂದು ದಿನ ಹೊತ್ತು ಇಳಿದರೂ ಕಂಚುಗಾರನಿಗೆ ಕರೆ ಬರಲಿಲ್ಲ. ಹಸಿವು ತಡೆಯಲಾರದೆ ಅವನೇ ಎದ್ದು ಒಳಗೆ ಬಂದ. ಬಡಿಸಿಟ್ಟ ಅನ್ನ ಆರಿಹೋಗಿತ್ತು.

"ಯಾಕೆ ಕರೆಯಲಿಲ್ಲ?"

ಅವಳ ತುಟಿ ಆಡಿತು. ಅವನಿಗೇನೂ ಕೇಳಿಸಲಿಲ್ಲ. ಅವಳು ಗಂಟಲು ಮುಟ್ಟಿ ತೋರಿಸಿದಳು. ಪಕ್ಕದ ಮನೆಯಾಕೆ ಬಂದು ಅವನ ಕಿವಿಗೆ ಬಾಯಿಟ್ಟು ಅರಚಿದಳು, "ನಿಮಗೆ ಕೇಳಿಸಲಿ ಅಂತ ಇಷ್ಟು ವರ್ಷ ಕೂಗಿ ಕೂಗಿ ಆಕೆಯ ದನಿಯೇ ಹೋಯ್ತಲ್ಲಪ್ಪ!"

ಕಂಚುಗಾರ ಉಣ್ಣದೆ ಎದ್ದ. ಹೋಗಿ ಕುಲುಮೆಗೆ ನೀರು ಸುರಿದ. ಬಹಳ ದಿನ ಸುತ್ತಿಗೆ ಮುಟ್ಟಲಿಲ್ಲ. ಆಮೇಲೆ ಊರಾಚೆ ಕುಲುಮೆ ಹೂಡಿ, ಹೊಟ್ಟೆಪಾಡಿಗೆ ಬೇಕಾದಷ್ಟೇ ಬಡಿದು, ಉಳಿದ ಕೆಲಸಕ್ಕೆ ಒಲ್ಲೆ ಎಂದ. ಮನೆಯ ಹೊಗೆ ಹೋಯಿತು. ಅವನ ಕಿವಿ ನಿಧಾನವಾಗಿ ತಿಳಿಯಾಯಿತು. ಕೂಗುವ ಕೆಲಸ ತಪ್ಪಿದ ಮೇಲೆ ಅವಳ ಗಂಟಲಲ್ಲೂ ಎಳೆ ಎಳೆಯಾಗಿ ದನಿ ಹುಟ್ಟಿತು.

ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದಾಗ ಅವಳು ಮಗಳ ಕನಸನ್ನು ಹೇಳಿದಳು. ಒಡಕು ದನಿ. ಅವನು ಬಾಗಿ ಕೇಳಿದ.

"ಜಡೆ ಹಾಕುವಷ್ಟು ಕೂದಲು ಬಂದಿತ್ತಾ?"

"ಹೂಂ. ನಾನೇ ಹಾಕಿದೆ."

"ಇನ್ನೊಂದು ಸಲ ಹೇಳು."

ಅವಳು ಮತ್ತೆ ಹೇಳತೊಡಗಿದಳು. ನಡುವೆಯೇ ದನಿ ನಿಂತುಹೋಯಿತು. ಅವಳ ಬಾಯಿಂದ ಮತ್ತೆ ಮಾತು ಬರುತ್ತದೇನೋ ಎಂದು ಅವನು ಕತ್ತಲಾಗುವವರೆಗೂ ಕಾದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಕೇಳಿದ, "ಆಕೆಯ ದನಿ ಪೂರ್ತಿ ಮರಳಲೇ ಇಲ್ಲವೇ?"

"ದಣಿದಷ್ಟು ಮರಳಿತು. ಸತ್ತಷ್ಟು ಮರಳಲಿಲ್ಲ. ಇನ್ಸುಲಿನ್ ಮಾಡುವ ಕೋಶಗಳ ಪಾಡೂ ಇದೇ. ಅವು ದನಿ ಏರಿಸಿ ಕೂಗುತ್ತಿರುವುದರಿಂದಲೇ ಇವತ್ತು ನಿನ್ನ ಸಕ್ಕರೆ ಸರಿಯಾಗಿದೆ."

ಅಡಿವೆಪ್ಪ ತನಗರಿವಿಲ್ಲದೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ಗುರುಗಳು ಆ ಕೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ನಿನ್ನವು ಇನ್ನೂ ಬರೀ ದಣಿದಿವೆ, ಮಗು."