ಓಕರಿಗೆರೆಯೂ ಮುರಿಗೆಪ್ಪನ ಹೂನೆಲವೂ

ಬಿದಿರಹಾಳಿನ ಮೂಡಲಿಗಿರುವ ಕೆರೆಯ ಏರಿಯ ಮೇಲೆ ಈಗ ‘ಓಂಕಾರಕೆರೆ’ ಎಂಬ ಹಸಿರು ಫಲಕ ನಿಂತಿದೆ. ಹಳೆಯ ಹೆಸರು ಅಸಹ್ಯವೆಂದು ಯಾರೋ ಅಧಿಕಾರಿ ತಿದ್ದಿಸಿದ್ದು. ಊರಿನವರ ಬಾಯಲ್ಲಿ ಅದು ಇಂದಿಗೂ ಓಕರಿಗೆರೆಯೇ. ಆ ಹೆಸರಿಗಿಂತ ಅದು ಬಂದ ಬಗೆ ಹೆಚ್ಚು ಅಸಹ್ಯವಾದುದು.

ಹಿಂದೆ ಒಮ್ಮೆ ಇದು ತಾವರೆಗೆರೆ ಆಗಿತ್ತಂತೆ. ಆಗ ಊರಿನ ಹತ್ತಿ ವರ್ತಕ ಮುರಿಗೆಪ್ಪ ನೂಲಿನ ಯಂತ್ರ ಕೊಳ್ಳಲು ಹಡಗು ಹತ್ತಿ ಸ್ಪೇನ್ ದೇಶದ ಬಾರ್ಸಿಲೋನಾ ಪಟ್ಟಣಕ್ಕೆ ಹೋದನೆನ್ನುತ್ತಾರೆ. ಅಲ್ಲಿನ ಕತಲಾನ್ ನುಡಿಯ ಸಿರಿವಂತರು ಅಲೆಯಂತೆ ಬಳುಕುವ ಗೋಡೆಗಳ ಹೊಸ ಬಗೆಯ ಮನೆ ಕಟ್ಟಿಸಿ, ನೆಲಕ್ಕೆಲ್ಲ ಹೂಬಳ್ಳಿಯ ಸಿಮೆಂಟು ಬಿಲ್ಲೆ ಹಾಸಿಸುತ್ತಿದ್ದರು. ಜಮಖಾನೆಯಂತಿದ್ದ ಆ ನೆಲ ಕಂಡು ಮುರಿಗೆಪ್ಪನಿಗೆ ಹುಚ್ಚು ಹಿಡಿಯಿತು. ಯಂತ್ರ ಬಿಟ್ಟು ಹಿತ್ತಾಳೆಯ ಅಚ್ಚನ್ನೂ ಬಣ್ಣದ ಪುಡಿಯನ್ನೂ ತಂದು, ಊರಲ್ಲಿ ಅಂಥದೇ ನೆಲದ ಹೊಸ ಮನೆ ಕಟ್ಟಿಸತೊಡಗಿದ. ಅಚ್ಚಿನಲ್ಲಿ ಒತ್ತಿದ ಬಿಲ್ಲೆ ಗಟ್ಟಿಯಾಗಲು ನೀರಿನಲ್ಲಿ ಮುಳುಗಿಸಿಡಬೇಕು. ತನ್ನ ಬಾವಿಯ ಉಪ್ಪುನೀರಿನಲ್ಲಿ ಹೂವಿನ ಬಣ್ಣ ಕೆಡುತ್ತದೆಂದು, ಬೇಸಿಗೆಗೆ ಹೊಂಡದಷ್ಟಾಗಿದ್ದ ಊರ ಕೆರೆಗೇ ಅವನ್ನು ಇಳಿಸಿದ. ಸಿಮೆಂಟಿನ ಸುಣ್ಣ ಬಿಟ್ಟುಕೊಂಡು ನೀರು ಬೂದಿಬಣ್ಣಕ್ಕೆ ತಿರುಗಿತು. ಮೀನುಗಳು ಸತ್ತು ತೇಲಿ, ಕೊಳೆತು, ದಡದ ತುಂಬ ಹುಳು ಹರಿದಾಡಿದವು. ಬೇರೆ ನೀರಿಲ್ಲದೆ ಅದನ್ನೇ ಕುಡಿದ ಮಕ್ಕಳ ಬಾಯೆಲ್ಲ ಹುಣ್ಣಾಯಿತು. ಹಿರಿಯರು ಹೋಗಿ ಕೇಳಿದರೆ, ಇಂಥ ನೆಲ ಈ ಸೀಮೆಯಲ್ಲೇ ಇಲ್ಲ, ನಾಲ್ಕು ದಿನ ಸೈರಿಸಿಕೊಳ್ಳಿ ಎಂದನಂತೆ.

ಅವನನ್ನು ಎತ್ತಿ ಬೆಳೆಸಿದ ಅಕ್ಕ ಕಲ್ಲವ್ವ ಅವನ ಜೊತೆಯಲ್ಲೇ ಇದ್ದಳು. ಗೃಹಪ್ರವೇಶದ ದಿನ ಬೀಗರೂ ಸಾಹುಕಾರರೂ ಹೂನೆಲದ ಮೇಲೆ ಊಟಕ್ಕೆ ಕುಳಿತಿದ್ದಾಗ, ಅವಳು ಕೆರೆಯ ನೀರಿನ ಬಿಂದಿಗೆ ತಂದು ತಮ್ಮನ ಮುಂದೆ ಇಳಿಸಿದಳು.

“ತಮ್ಮಾ, ಊರಿಗೆ ಕುಡಿಸಿದ್ದನ್ನ ನೀನೂ ಒಂದು ಗುಟುಕು ಕುಡಿ.”

ಬೀಗರೆದುರು ಹಿಂಜರಿಯಲಾರದೆ ಮುರಿಗೆಪ್ಪ ಲೋಟ ಎತ್ತಿದ. ನೀರು ಗಂಟಲಿಳಿಯುವ ಮೊದಲೇ ಓಕರಿಕೆ ಬಂದು, ಆ ಚೆಲುವಾದ ಬಳ್ಳಿಗಳ ಮೇಲೆಯೇ ಕಾರಿಕೊಂಡ. ನಂಟರು ಮೂಗು ಮುಚ್ಚಿಕೊಂಡು ಎಲೆ ಬಿಟ್ಟೆದ್ದರು. “ಇದನ್ನ ನೀನೇ ಬಳಿ” ಎಂದು ಹೊಸಿಲು ದಾಟಿದ ಕಲ್ಲವ್ವ ಮತ್ತೆ ಅಲ್ಲಿ ಕಾಲಿಡಲಿಲ್ಲ. ಊರಿನವರನ್ನು ಕಟ್ಟಿಕೊಂಡು ಬಿಲ್ಲೆಗಳನ್ನು ಕೆರೆಯಿಂದ ಹೊರಗೆ ಹಾಕಿಸಿದಳು, ಹೂಳು ತೆಗೆಸಿದಳು. ನೀರು ತಿಳಿಯಾಗಲು ಎರಡು ಮಳೆಗಾಲ ಬೇಕಾಯಿತು. ತಾವರೆ ಮತ್ತೆ ಹುಟ್ಟಲಿಲ್ಲ; ಹೆಸರೂ ಹೋಯಿತು.

ಮುರಿಗೆಪ್ಪನ ಮನೆ ಇನ್ನೂ ಇದೆ. ಪಟ್ಟಣದ ಜೋಡಿಗಳು ಮದುವೆಗೆ ಮುನ್ನ ಬಂದು ಆ ನೆಲದ ಮೇಲೆ ಅಂಗಾತ ಮಲಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೂವು, ಬಳ್ಳಿ ನಿನ್ನೆ ಹಾಸಿದಂತಿವೆ. ನಮ್ಮೂರ ಹೆಂಗಸರು ಕೂಲಿಗಾಗಿ ಅದನ್ನು ಒರೆಸುತ್ತಾರೆ. ಬಾಯಾರಿದರೆ ಮಾತ್ರ ಆ ಮನೆಯ ಲೋಟ ಮುಟ್ಟದೆ, ಹೊರಗೆ ಬಂದು, ಏರಿ ಇಳಿದು, ಕೆರೆಯ ನೀರನ್ನೇ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಾರೆ.